ತಿಂಗಳ ಕಾಮಿಕ್ಸ್ ಪಟ್ಟಿ: ತೀರ್ಥಹಳ್ಳಿ ಕಡೆಯಿಂದ ಒಂದು ದೀರ್ಘ ಬಳಕೆಯ ವಿಮರ್ಶೆ

ಬೆಂಗಳೂರಿನ ಒಂದು ಕಾಮಿಕ್ಸ್ ಅಂಗಡಿಯ ಮುಂಗಡ ಆರ್ಡರ್ ಸೇವೆಯನ್ನು ಕೋವಿಡ್ ಕಾಲದಿಂದಲೂ ಬಳಸುತ್ತಿದ್ದೇನೆ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಒಳಗಿರುವ ಊರು. ಅಮರ ಚಿತ್ರಕಥೆ ಬೇಕಾದರೆ ಶಿವಮೊಗ್ಗದಲ್ಲೇ ಸಿಗುತ್ತದೆ. ಅಮೆರಿಕದಲ್ಲಿ ತಿಂಗಳು ತಿಂಗಳು ಬಿಡುಗಡೆಯಾಗುವ ಹೊಸ ಸಂಚಿಕೆ ಬೇಕೆಂದರೆ ಹೀಗೆ ತರಿಸಿಕೊಳ್ಳಬೇಕು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಸೇವೆ ಚೆನ್ನಾಗಿದೆ, ಅದರಲ್ಲೂ ಅವರು ಕಳಿಸುವ ಪಟ್ಟಿ ತುಂಬಾ ಚೆನ್ನಾಗಿದೆ. ಮಳೆಗಾಲದ ಪ್ಯಾಕಿಂಗು ಮತ್ತು ಆರ್ಡರ್ ಕೊಡುವ ಕೊನೆ ದಿನಾಂಕದ ಸೂಚನೆ, ಇವೆರಡು ಸುಧಾರಿಸಬೇಕು.

ಪ್ರತಿ ತಿಂಗಳು ವಾಟ್ಸಾಪಿಗೆ ಒಂದು ಪಿಡಿಎಫ್ ಬರುತ್ತದೆ. ಎರಡು ಮೂರು ತಿಂಗಳ ನಂತರ ಬರಲಿರುವ ಪುಸ್ತಕಗಳ ಪಟ್ಟಿ ಅದು. ಬೇಕಾದ್ದಕ್ಕೆ ಗುರುತು ಹಾಕಿ ಸ್ವಲ್ಪ ಮುಂಗಡ ಕೊಟ್ಟರಾಯಿತು, ಪ್ರಕಾಶಕರಿಗೆ ಅಂತಿಮ ಆರ್ಡರ್ ಹೋಗುವವರೆಗೂ ಬೇಡ ಅನ್ನಬಹುದು. ಬಂದದ್ದನ್ನೆಲ್ಲ ಕೂಡಿಟ್ಟು ತಿಂಗಳಿಗೊಂದು ಪಾರ್ಸೆಲ್ ಮಾಡುತ್ತಾರೆ. ಊರಿಗೆ ಕೊರಿಯರ್‌ನವರು ಬರುವುದಿಲ್ಲ, ಪೇಟೆಗೆ ಹೋದಾಗ ತಂದುಕೊಳ್ಳುತ್ತೇನೆ.

ಒಂದು ಸಂಚಿಕೆಯಲ್ಲಿ ಕಥೆಗೆ ಸಾಮಾನ್ಯವಾಗಿ 20 ಪುಟ ಸಿಗುತ್ತದೆ, ಅಲ್ಲಿನ ಬೆಲೆ 3.99 ಅಥವಾ 4.99 ಡಾಲರ್. ಸಾಗಣೆ ಸೇರಿ ನಮ್ಮ ಕೈಗೆ ಬರುವಾಗ 400 ರೂಪಾಯಿಯ ಆಚೀಚೆ ಆಗುತ್ತದೆ. 20 ಪುಟಕ್ಕೆ ಅಷ್ಟು ಕೊಡುವಾಗ ಆಯ್ಕೆ ಸರಿ ಇರಬೇಕು. ಆ ಆಯ್ಕೆಗೆ ಈ ಪಟ್ಟಿ ಎಷ್ಟು ಒದಗುತ್ತದೆ ಎಂಬುದೇ ನನಗೆ ಮುಖ್ಯ.

ಪಟ್ಟಿಯಲ್ಲಿ ಪ್ರತಿ ಪುಸ್ತಕದ ಕೆಳಗೆ ಸಣ್ಣಕ್ಷರದಲ್ಲಿ ಮೂರು ಗುರುತು ಇರುತ್ತವೆ. ‘ಡಬ್ಲ್ಯೂ’ ಅಂದರೆ ಬರೆದವರು, ‘ಎ’ ಅಂದರೆ ಒಳಪುಟಗಳ ಚಿತ್ರ ಬರೆದವರು, ‘ಸಿಎ’ ಅಂದರೆ ಮುಖಪುಟದವರು. ಹೊಸಬರು ದೊಡ್ಡದಾಗಿ ಕಾಣುವ ಮುಖಪುಟ ನೋಡಿ ಮಾರುಹೋಗುತ್ತಾರೆ. ನಾನು ಮೊದಲು ನೋಡುವುದು ‘ಎ’ ಮುಂದಿನ ಹೆಸರನ್ನು. 2024ರ ಜನವರಿಯಲ್ಲಿ ಶುರುವಾದ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’ ತೆಗೆದುಕೊಳ್ಳಿ. ಬರೆದವರು ಜೊನಾಥನ್ ಹಿಕ್‌ಮನ್, ಚಿತ್ರ ಮಾರ್ಕೊ ಚೆಕೆಟ್ಟೊ. ಆದರೆ 4ನೇ ಸಂಚಿಕೆಯ ಒಳಗೆ ಚಿತ್ರ ಡೇವಿಡ್ ಮೆಸ್ಸಿನಾ ಅವರದು. ಇಬ್ಬರೂ ಒಳ್ಳೆಯ ಕಲಾವಿದರೇ, ಕೈಗಳು ಮಾತ್ರ ಬೇರೆ ಬೇರೆ. ಪಟ್ಟಿ ಓದಿದವನಿಗೆ ಅದು ತಿಂಗಳುಗಳ ಮುಂಚೆಯೇ ಗೊತ್ತಿರುತ್ತದೆ.

ಈ ಅಂಗಡಿಯವರು ಇನ್ನೊಂದು ಕೆಲಸ ಮಾಡುತ್ತಾರೆ, ನಾನು ಇವರನ್ನು ಬಿಡದಿರುವುದೇ ಅದಕ್ಕೆ. ಪ್ರಕಾಶಕರು ಮೊದಲೇ ಬಿಟ್ಟ ಒಳಪುಟಗಳಿದ್ದರೆ ಅವನ್ನೂ ಪಟ್ಟಿಗೆ ಸೇರಿಸುತ್ತಾರೆ. ಬರೀ ಮೂರ್ನಾಲ್ಕು ಪುಟ, ಎಷ್ಟೋ ಸಲ ಮಾತಿನ ಗುಳ್ಳೆಗಳಿನ್ನೂ ತುಂಬದವು. ಆ ಪುಟಗಳನ್ನು ಮಗಳ ಮುಂದೆ ಹಿಡಿಯುತ್ತೇನೆ. ಮಾತಿಲ್ಲದೆ ಕಥೆ ಅವಳಿಗೆ ತಿಳಿದರೆ ಆ ಪುಸ್ತಕಕ್ಕೆ ಗುರುತು ಬೀಳುತ್ತದೆ. ‘ಅಬ್ಸೊಲ್ಯೂಟ್ ವಂಡರ್ ವುಮನ್’ 2024ರ ಅಕ್ಟೋಬರಿನಲ್ಲಿ ಬಂತು, ಬರೆದವರು ಕೆಲ್ಲಿ ಥಾಂಪ್ಸನ್, ಚಿತ್ರ ಹೇಡನ್ ಶೆರ್ಮನ್. ಇಲ್ಲಿ ಡಯಾನಾ, ಅಂದರೆ ವಂಡರ್ ವುಮನ್, ಬೆಳೆಯುವುದು ನರಕದಲ್ಲಿ, ಸಾಕುವವಳು ಮಾಟಗಾತಿ ಸರ್ಸಿ. ಶೆರ್ಮನ್ ಚಿತ್ರದ ಚೌಕಗಳನ್ನು ಸಾಲಾಗಿ ಜೋಡಿಸಿ ಬಿಡುವವರಲ್ಲ. ಹೊಡೆತ ಬಿದ್ದ ಕಡೆ ಚೌಕದ ಅಂಚೇ ಓರೆಯಾಗುತ್ತದೆ, ದೊಡ್ಡ ಪ್ರಾಣಿ ಬಂದಾಗ ಸುತ್ತಲಿನ ಚೌಕಗಳು ಸಣ್ಣದಾಗಿ ಮೂಲೆ ಸೇರುತ್ತವೆ. ಮಗಳು ಫೋನಿನ ಮೇಲೆ ಬೆರಳಾಡಿಸುತ್ತಾ, “ಅಪ್ಪಯ್ಯ, ಕಣ್ಣು ತಾನಾಗೇ ಕೆಳಗೆ ಇಳಿತದೆ ನೋಡು” ಅಂದಳು. ಪುಟ ಕಟ್ಟುವುದು ಅಂದರೆ ಅದೇ. ಕಥೆಯ ಸಾರಾಂಶ ಎಷ್ಟು ಓದಿದರೂ ಇದು ತಿಳಿಯುವುದಿಲ್ಲ, ಒಳಪುಟ ಕಾಣಲೇಬೇಕು.

ಒಂದೇ ಸಂಚಿಕೆಗೆ ನಾಲ್ಕೈದು ಮುಖಪುಟ ಮಾಡಿ ಮಾರುವ ಪದ್ಧತಿ ಅಮೆರಿಕದಲ್ಲಿ ಬಲವಾಗಿದೆ. ಒಳಗಿನ ಕಥೆ ಒಂದೇ. ನನ್ನ ಆರ್ಡರಿನಲ್ಲಿ ‘ಎ ಕವರ್ ಸಾಕು’, ಅಂದರೆ ಮುಖ್ಯ ಮುಖಪುಟ ಒಂದೇ ಸಾಕು ಎಂದು ಖಾಯಂ ಬರೆಸಿದ್ದೇನೆ. ಮುಖದ ಮೇಲೆ 1ನೇ ನಂಬರು ಇದ್ದ ಮಾತ್ರಕ್ಕೆ ಹೊಸ ಕಥೆ ಅಂತಲೂ ಅಲ್ಲ. ಹಳೆಯ ಸರಣಿಯನ್ನೇ ನಿಲ್ಲಿಸಿ ಮತ್ತೆ ಒಂದರಿಂದ ಎಣಿಸುವುದು ದೊಡ್ಡ ಪ್ರಕಾಶಕರಿಗೆ ಮಾಮೂಲು.

ಅಂಗಡಿಯವರ ಪ್ರಾಮಾಣಿಕತೆ ಬಗ್ಗೆಯೂ ಹೇಳಬೇಕು. ಒಂದು ಸಣ್ಣ ಸರಣಿಗೆ ನಾನು ಗುರುತು ಹಾಕಿದ್ದೆ, ಅವರೇ ಫೋನ್ ಮಾಡಿದರು: “ಸರ್, ಇದು ಆರು ಸಂಚಿಕೆಗೆ ಮುಗಿಯುತ್ತೆ. ಆಮೇಲೆ ಎಲ್ಲ ಸೇರಿ ಒಂದೇ ಪುಸ್ತಕ ಬರುತ್ತೆ, ನಿಮಗೆ ಅದು ಅಗ್ಗ ಆಗುತ್ತೆ. ಕಾಯ್ತೀರಾ?” ತಮ್ಮ ವ್ಯಾಪಾರ ಕಡಿಮೆ ಮಾಡಿಕೊಂಡು ಇಂಥ ಮಾತು ಹೇಳುವವರು ಸಿಗುವುದು ಕಷ್ಟ. ಜೇಮ್ಸ್ ಟೈನಿಯನ್ ಬರೆದು ವೆರ್ತೆರ್ ದೆಲ್ಲೆದೆರಾ ಚಿತ್ರ ಬರೆಯುವ ‘ಸಮ್‌ಥಿಂಗ್ ಈಸ್ ಕಿಲ್ಲಿಂಗ್ ದ ಚಿಲ್ಡ್ರನ್’ 2019ರಿಂದ ಬರುತ್ತಿದೆ. ಅದನ್ನು ನಾನು ಹೀಗೆ ಸಂಪುಟಗಳಲ್ಲೇ ಓದುತ್ತಿರುವುದು. ಕಾಡಿನ ಕತ್ತಲನ್ನು ದೆಲ್ಲೆದೆರಾ ಬರೆಯುವ ರೀತಿ ಮಲೆನಾಡಿನವರಿಗೆ ಕೂಡಲೇ ಹಿಡಿಸುತ್ತದೆ: ಮರ ಕಾಣುವುದಿಲ್ಲ, ಮರಗಳ ಮಧ್ಯದ ಸಂದು ಕಾಣುತ್ತದೆ.

ಇನ್ನು ಕೊರತೆಗಳು. ಹಿಂದೆ ಅಮೆರಿಕದ ಹೆಚ್ಚುಕಡಿಮೆ ಎಲ್ಲ ದೊಡ್ಡ ಪ್ರಕಾಶಕರಿಗೂ ಡೈಮಂಡ್ ಎಂಬ ಒಬ್ಬರೇ ವಿತರಕರು. 2020ರಲ್ಲಿ ಡಿಸಿ ಎಂಬ ಪ್ರಕಾಶನ ಸಂಸ್ಥೆ ಡೈಮಂಡನ್ನು ಬಿಟ್ಟಿತು, 2021ರಲ್ಲಿ ಇನ್ನೊಂದು ದೊಡ್ಡ ಪ್ರಕಾಶನ ಸಂಸ್ಥೆ ಮಾರ್ವೆಲ್ ಪೆಂಗ್ವಿನ್ ರ‍್ಯಾಂಡಮ್ ಹೌಸ್ ಕಡೆ ಹೋಯಿತು, 2025ರ ಜನವರಿಯಲ್ಲಿ ಡೈಮಂಡ್ ದಿವಾಳಿ ಅರ್ಜಿಯನ್ನೇ ಹಾಕಿತು. ಹಾಗಾಗಿ ಒಂದೇ ಕಡೆ ಸಿಗುತ್ತಿದ್ದ ಮಾಹಿತಿಯನ್ನು ಅಂಗಡಿಯವರು ಈಗ ಬೇರೆ ಬೇರೆ ಕಡೆಯಿಂದ ಹೆಕ್ಕಬೇಕು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಪಟ್ಟಿ ಈಗ ತುಂಡು ತುಂಡಾಗಿ ಬರುತ್ತಿದೆ, ಕೊನೆ ದಿನಾಂಕ ಹಿಂದಿನ ದಿನ ಸಂಜೆ ತಿಳಿಸುತ್ತಾರೆ. ಆಷಾಢದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಟವರೂ ಹೋಯಿತು. ಸಂದೇಶ ನೋಡುವಷ್ಟರಲ್ಲಿ ದಿನ ಕಳೆದಿರುತ್ತದೆ. ವಾರ ಮುಂಚೆ ಒಂದು ಸಾಲು ಕಳಿಸಿದರೆ ಸಾಕು.

ಪ್ಯಾಕಿಂಗಿನ ತೊಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಈಗಿನ ಕಾಮಿಕ್ಸಿನ ಕಾಗದ ನುಣುಪಿನದು, ಥಂಡಿ ತಗುಲಿದರೆ ಹಾಳೆಗೆ ಹಾಳೆ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಬಣ್ಣವೇ ಕಿತ್ತು ಬರುತ್ತದೆ. ಮಧ್ಯದ ಪಿನ್ನು ತುಕ್ಕು ಹಿಡಿದು ಎರಡೂ ಪುಟಕ್ಕೆ ಕಂದು ಕಲೆ ಬಿಡುತ್ತದೆ. ಪ್ರತಿ ಸಂಚಿಕೆಗೂ ಪ್ಲಾಸ್ಟಿಕ್ ಚೀಲ, ಹಿಂದೆ ರಟ್ಟು ಕೊಡುತ್ತಾರೆ, ಆದರೆ ಹೊರಗಿನ ಪೆಟ್ಟಿಗೆ ಬರೀ ರಟ್ಟಿನದು. ಕೇಳಿಕೊಂಡ ಮೇಲೆ ಒಳಗೆ ದಪ್ಪ ಪ್ಲಾಸ್ಟಿಕ್ ಸುತ್ತುತ್ತಿದ್ದಾರೆ. ಮಳೆ ಬೀಳುವ ಊರಿನ ಎಲ್ಲ ಗಿರಾಕಿಗಳಿಗೂ ಕೇಳದೆಯೇ ಹಾಗೆ ಮಾಡಬೇಕು. ಮನೆಯಲ್ಲಿ ನಾನು ಸ್ಟೀಲ್ ಟ್ರಂಕಿನಲ್ಲಿ ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುತ್ತೇನೆ. ಬಿಸಿಲು ಬಂದ ದಿನ ತೆರೆದು ಗಾಳಿಯಾಡಿಸಿದರೆ ಬೂಸ್ಟು ಹಿಡಿಯುವುದಿಲ್ಲ.

ಕೊನೆಯದಾಗಿ, ಪಟ್ಟಿಯಲ್ಲಿ ನಮ್ಮ ದೇಶದ ಹೊಸ ಪುಸ್ತಕಗಳೇ ಇರುವುದಿಲ್ಲ. 1967ರಲ್ಲಿ ಅಮರ ಚಿತ್ರಕಥೆ ಶುರು ಮಾಡಿದ ಅನಂತ ಪೈ ಹುಟ್ಟಿದ್ದು ನಮ್ಮ ಆಗುಂಬೆ ಘಾಟಿ ಇಳಿದರೆ ಸಿಗುವ ಕಾರ್ಕಳದಲ್ಲಿ. ಬೆಂಗಳೂರಿನ ಕಾಮಿಕ್ ಕಾನ್ ಎಂಬ ಕಾಮಿಕ್ಸ್ ಮೇಳದಲ್ಲಿ ಸ್ವಂತ ಖರ್ಚಿನಲ್ಲಿ ಪುಸ್ತಕ ತಂದು ಮಾರುವ ಹುಡುಗ ಹುಡುಗಿಯರು ಎಷ್ಟೋ ಮಂದಿ ಇದ್ದಾರೆ. ಅವರ ಪುಸ್ತಕಗಳಿಗೂ ಪಟ್ಟಿಯಲ್ಲಿ ಒಂದು ಪುಟ, ಜೊತೆಗೆ ಅದೇ ಮೂರ್ನಾಲ್ಕು ಒಳಪುಟ ಕೊಡಿ ಎಂದು ಅಂಗಡಿಯವರಿಗೆ ಬರೆದಿದ್ದೇನೆ. ನೋಡೋಣ ಅಂದಿದ್ದಾರೆ. ನೀವೂ ಗಿರಾಕಿಗಳಾಗಿದ್ದರೆ ದಯವಿಟ್ಟು ಒಂದು ಸಂದೇಶ ಹಾಕಿ, ನಾಲ್ಕು ಜನ ಕೇಳಿದರೆ ಬೇಗ ಆದೀತು.