ಎಲ್ಲಾ ಇದೆ, ಎಫ್‌ಎಂ ರೇಡಿಯೋ ಒಂದು ಇಲ್ಲ: ಎರಡು ವರ್ಷ ಬಳಸಿದ ಮೇಲೆ

ಫೋನ್ ಕೆಟ್ಟದ್ದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೊಂಡು ಎರಡು ವರ್ಷ ದಾಟಿತು. ಬ್ಯಾಟರಿ ಈಗಲೂ ಸಂಜೆವರೆಗೆ ಬರುತ್ತದೆ, ಕ್ಯಾಮೆರಾ ಚೆನ್ನಾಗಿದೆ, ಬಿಸಿಲಲ್ಲೂ ಸ್ಕ್ರೀನ್ ಕಾಣುತ್ತದೆ. ಆದರೆ ಎಫ್‌ಎಂ ರೇಡಿಯೋ ಇಲ್ಲ. ಸಾವಿರ ರೂಪಾಯಿಯ ಕೀಪ್ಯಾಡ್ ಸೆಟ್ಟಿನಲ್ಲೂ ಇರುವಂಥದ್ದು, ಹದಿನೈದು ಸಾವಿರ ಕೊಟ್ಟ ಫೋನಿನಲ್ಲಿ ಇಲ್ಲ ಅಂದರೆ ಏನು ಅರ್ಥ?

ನಮ್ಮದು ಕೊಪ್ಪಳ ಜಿಲ್ಲೆ, ಮುನಿರಾಬಾದ್ ಹತ್ತಿರದ ಹಳ್ಳಿ. ನದಿ ದಾಟಿದರೆ ಹೊಸಪೇಟೆ, ಅಲ್ಲಿನ ಆಕಾಶವಾಣಿ 100.5 ಎಫ್‌ಎಂ ನಮ್ಮೂರಲ್ಲಿ ಎಲ್ಲಿ ನಿಂತರೂ ಸ್ವಚ್ಛವಾಗಿ ಕೇಳುತ್ತದೆ. ನಾಟಿ ಹೊತ್ತಿನಲ್ಲಿ ಕೈಯೆಲ್ಲ ಕೆಸರು, ಸ್ಕ್ರೀನ್ ಮುಟ್ಟೋಕೂ ಆಗಲ್ಲ. ಹಳೆ ಫೋನಿಗೆ ಇಯರ್‌ಫೋನ್ ಚುಚ್ಚಿ, ಸ್ಪೀಕರ್ ಆನ್ ಮಾಡಿ ಬದುವಿನ ಮೇಲಿಟ್ಟರೆ ಮುಗೀತು, ಹಾಡು, ರೈತರ ಕಾರ್ಯಕ್ರಮ, ವಾರ್ತೆ ಅಂತ ಮನೆಗೆ ಹೋಗುವವರೆಗೂ ಜೊತೆಗಿರುತ್ತಿತ್ತು.

ಅಂಗಡಿಯಲ್ಲಿ ಕೇಳಿದ್ದಕ್ಕೆ "ಈಗ್ಯಾರು ರೇಡಿಯೋ ಕೇಳ್ತಾರ್ರಿ ಅಣ್ಣಾ, ಆ್ಯಪ್ ಹಾಕ್ಕೊಳ್ರಿ" ಅಂದರು. ಹಾಕಿಕೊಂಡೆ. ಮನೆಯಲ್ಲಿ ಚೆನ್ನಾಗಿ ಓಡುತ್ತದೆ, ಗದ್ದೆಗೆ ಇಳಿದರೆ ನೆಟ್‌ವರ್ಕ್ ಇರಲ್ಲ. ಇದ್ದರೂ ದಿನದ ಡೇಟಾ ಖಾಲಿ, ಏಪ್ರಿಲ್ ಬಿಸಿಲಿಗೆ ಫೋನೂ ಕಾಯುತ್ತದೆ. ಎಫ್‌ಎಂಗೆ ಡೇಟಾ ಬೇಡ, ಸಿಮ್ ಕೂಡ ಬೇಡ.

ಇದು ಬರೀ ಹಾಡಿನ ವಿಷಯ ಅಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಆಗ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಡ್ಯಾಮೇ ಒಡೆಯಿತು ಅಂತಾರೆ, ಇನ್ನೊಬ್ಬರು ಏನೂ ಆಗಿಲ್ಲ ಅಂತಾರೆ, ಯಾವುದನ್ನು ನಂಬೋದು? ಹೊಳೆ ದಂಡೆಯ ಊರುಗಳಿಗೆ ಎಚ್ಚರಿಕೆ ಬೇರೆ ಕೊಟ್ಟಿದ್ದರು. ಕೊನೆಗೆ ಪಕ್ಕದ ಮನೆ ಕಾಕಾರ ಹಳೆ ರೇಡಿಯೋ ಮುಂದೆ ಕೂತು ವಾರ್ತೆ ಕೇಳಿದೆವು. ಇಂಥ ಹೊತ್ತಿಗೆ ಜೇಬಿನಲ್ಲಿರುವ ಫೋನ್ ಕೆಲಸಕ್ಕೆ ಬರಬೇಕು, ಅಲ್ವಾ?

ನನಗೆ ಸಿಟ್ಟು ಬರೋದು ಇನ್ನೊಂದು ಕಾರಣಕ್ಕೆ. ಎಷ್ಟೋ ಫೋನುಗಳ ಚಿಪ್‌ನಲ್ಲೇ ಎಫ್‌ಎಂ ಇರುತ್ತದೆ, ಆದರೆ ಕಂಪನಿಯವರು ಆಂಟೆನಾಗೆ ಜೋಡಿಸಿರುವುದಿಲ್ಲ, ಇಲ್ಲವೇ ಸಾಫ್ಟ್‌ವೇರ್‌ನಲ್ಲಿ ಬಂದ್ ಮಾಡಿರುತ್ತಾರೆ. 2023ರ ಏಪ್ರಿಲ್‌ನಲ್ಲಿ ಕೇಂದ್ರದ ಐಟಿ ಸಚಿವಾಲಯ ಫೋನ್ ತಯಾರಕರ ಸಂಘಗಳಿಗೆ ಹೇಳಿತ್ತು: ಎಫ್‌ಎಂ ಇದ್ದರೆ ಬಂದ್ ಮಾಡಬೇಡಿ, ಇಲ್ಲದಿದ್ದರೆ ಸೇರಿಸಿ. ಅದು ಸಲಹೆ ಅಷ್ಟೇ, ಕಡ್ಡಾಯ ಅಲ್ಲ. ನನ್ನ ಫೋನಿನ ಚಿಪ್‌ನಲ್ಲಿ ಇದೆಯಾ ಅಂತ ಸರ್ವಿಸ್ ಸೆಂಟರ್‌ನಲ್ಲಿ ಕೇಳಿದರೆ "ಈ ಮಾಡೆಲ್‌ಗೆ ಬರಲ್ಲ" ಅನ್ನೋದೊಂದೇ ಉತ್ತರ. ಯಾಕೆ ಬರಲ್ಲ ಅಂತ ಯಾರೂ ಹೇಳಲ್ಲ.

ಕೊಳ್ಳುವವರು ಒಂದು ಮಾಡಿ. ಡಬ್ಬದ ಮೇಲೆ ಬರೆದದ್ದನ್ನು ನಂಬಬೇಡಿ, ಮನೆಯಿಂದ ವೈರ್ ಇಯರ್‌ಫೋನ್ ಒಯ್ಯಿರಿ, ಅಂಗಡಿಯಲ್ಲೇ ಡೆಮೊ ಫೋನಿಗೆ ಚುಚ್ಚಿ ಸ್ಟೇಷನ್ ಹಿಡಿದು ನೋಡಿ. ಆ ವೈರೇ ಆಂಟೆನಾ, ಬ್ಲೂಟೂತ್‌ದು ಇದ್ದರೆ ಆಗಲ್ಲ. ಇಯರ್‌ಫೋನ್ ತೂತೇ ಇಲ್ಲದ ಫೋನುಗಳು ಈಗ ಜಾಸ್ತಿ ಆಗಿವೆ, ಅವುಗಳಲ್ಲಿ ಎಫ್‌ಎಂ ಸಿಗೋದು ಅಪರೂಪ.

ಉಳಿದದ್ದಕ್ಕೆಲ್ಲ ನಾಲ್ಕು ಸ್ಟಾರ್ ಕೊಡಬಹುದಿತ್ತು. ಇದೊಂದಕ್ಕಾಗಿ ಎರಡು ಕಡಿಮೆ ಮಾಡಿದ್ದೇನೆ. ಚಿಪ್‌ನಲ್ಲಿ ಇದ್ದರೆ ಮುಂದಿನ ಅಪ್‌ಡೇಟ್‌ನಲ್ಲಿ ಬಿಟ್ಟುಕೊಡಲಿ, ಇದೇ ವಿಮರ್ಶೆ ತಿದ್ದಿ ಆ ಎರಡನ್ನೂ ಸೇರಿಸುತ್ತೇನೆ.