ಬದಿಯಡ್ಕದ ಚಾವಡಿಯಲ್ಲಿ ಆರು ಮಳೆಗಾಲ ಕಂಡ ವಾಯುಭಾರ ಮಾಪಕ

ಪೆಟ್ಟಿಗೆ ಬಿಚ್ಚಿ ಗೋಡೆಗೆ ತೂಗುಹಾಕಿದ ದಿನ ಆಕಾಶದಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ. ಅದು 2019ರ ನವೆಂಬರ್. ಅಂಗಳದ ತುಂಬ ಅಡಿಕೆ ಒಣಗುತ್ತಿತ್ತು. ಮಾಪಕದ ಮುಳ್ಳು ಮಾತ್ರ 1002ರಲ್ಲಿ, ‘ಮಳೆ’ ಎಂಬ ಇಂಗ್ಲಿಷ್ ಪದದ ಬಳಿ ನಿಂತಿತ್ತು. ಮಾರಿದವರಿಗೆ ಎರಡು ಬಾರಿ ಬರೆದೆ, ಉತ್ತರ ಬರಲಿಲ್ಲ. ಕೆಟ್ಟ ವಸ್ತು ಕೈಗೆ ಬಂತೆಂದೇ ತಿಳಿದಿದ್ದೆ.

ಮಾಪಕ ಕೆಟ್ಟಿರಲಿಲ್ಲ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆ ಸಮುದ್ರಮಟ್ಟದಿಂದ ಸುಮಾರು 90 ಮೀಟರ್ ಎತ್ತರದ ಗುಡ್ಡದ ಇಳಿಜಾರಿನಲ್ಲಿದೆ. ಮೇಲೇರಿದಷ್ಟೂ ನಮ್ಮ ತಲೆಯ ಮೇಲಿನ ಗಾಳಿಯ ಭಾರ ಕಡಿಮೆಯಾಗುತ್ತದೆ. ಈ ಎತ್ತರಗಳಲ್ಲಿ ಎಂಟೂವರೆ ಮೀಟರಿಗೆ ಹೆಚ್ಚುಕಡಿಮೆ ಒಂದು ಹೆಕ್ಟೋಪಾಸ್ಕಲ್; ಮಾಪಕದ ಅಂಕಿಗಳೆಲ್ಲ ಒತ್ತಡದ ಈ ಅಳತೆಯಲ್ಲೇ ಇವೆ. ಆ ಲೆಕ್ಕದಲ್ಲಿ ನಮ್ಮಲ್ಲಿ ಹತ್ತೋ ಹನ್ನೊಂದೋ ಕಡಿಮೆ ತೋರಿಸಬೇಕಾದದ್ದೇ ಸರಿ. ಹಿಂಬದಿಯಲ್ಲಿ ಸಣ್ಣ ತಿರುಪು ಇದೆ. ಹವಾಮಾನ ಇಲಾಖೆ ಮಂಗಳೂರಿಗೆ ಕೊಡುವ ಸಮುದ್ರಮಟ್ಟದ ಅಂಕಿಯನ್ನು ನೋಡಿಕೊಂಡು, ಗಾಳಿಯಿಲ್ಲದ ಒಂದು ಬೆಳಿಗ್ಗೆ ಆ ತಿರುಪನ್ನು ತಿರುಗಿಸಿ ಮುಳ್ಳನ್ನು 1012ಕ್ಕೆ ತಂದೆ. ಕೊಂಡವರು ಮೊದಲು ಮಾಡಬೇಕಾದ ಕೆಲಸ ಇದು. ಜೊತೆಗೆ ಬಂದ ಚೀಟಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಇದು ದ್ರವವಿಲ್ಲದ ಮಾಪಕ. ಒಳಗೆ ಗಾಳಿ ತೆಗೆದ ತೆಳುವಾದ ಲೋಹದ ಡಬ್ಬಿ ಇರುತ್ತದೆ. ಹೊರಗಿನ ಒತ್ತಡ ಹೆಚ್ಚಿದರೆ ಅದು ಕುಗ್ಗುತ್ತದೆ, ತಗ್ಗಿದರೆ ಉಬ್ಬುತ್ತದೆ, ಆ ಚಲನೆಯನ್ನು ಸನ್ನೆಕೋಲುಗಳು ಮುಳ್ಳಿಗೆ ಮುಟ್ಟಿಸುತ್ತವೆ. ಫ್ರಾನ್ಸಿನ ಲೂಸಿಯೆನ್ ವಿಡಿ 1844ರಲ್ಲಿ ರೂಪಿಸಿದ ಕ್ರಮವೇ ಇಂದಿಗೂ ನಡೆಯುತ್ತಿದೆ. ಬ್ಯಾಟರಿ ಬೇಡ. ಗಾಳಿಮಳೆಗೆ ಮೂರು ದಿನ ಕರೆಂಟು ಹೋಗುವ ನಮ್ಮ ಊರಿನಲ್ಲಿ ಇದು ದೊಡ್ಡ ಗುಣ.

ಮೊದಲ ತಿಂಗಳು ನಾನು ಮಾಡಿದ ತಪ್ಪಿನ ಬೆಲೆಯನ್ನು ಕೆಲಸದವರೂ ತೆತ್ತರು. ಮಧ್ಯಾಹ್ನ ಮುಳ್ಳು ಮೂರು ಗೆರೆ ಇಳಿದದ್ದನ್ನು ಕಂಡು, ಮಳೆ ಬಂದೇ ಬರುತ್ತದೆಂದು ಅಡಿಕೆಯನ್ನೆಲ್ಲ ಬಾಚಿಸಿ ಒಳಗೆ ಹಾಕಿಸಿದೆ. ಮಳೆ ಬರಲಿಲ್ಲ. ಮರುದಿನವೂ ಹಾಗೆಯೇ, ಅದರ ಮರುದಿನವೂ. ಆಮೇಲೆ ಗಂಟೆಗೊಮ್ಮೆ ಬರೆದಿಡತೊಡಗಿದಾಗ ಅರ್ಥವಾಯಿತು: ನಮ್ಮ ಸೀಮೆಯಲ್ಲಿ ಒತ್ತಡ ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಏರಿಕೆ, ಸಂಜೆ ನಾಲ್ಕಕ್ಕೆ ಮತ್ತು ಬೆಳಗಿನ ಜಾವ ನಾಲ್ಕಕ್ಕೆ ಇಳಿಕೆ. ಬೆಳಿಗ್ಗೆಯಿಂದ ಸಂಜೆಗೆ ಮೂರರಷ್ಟು, ಕೆಲವು ದಿನ ನಾಲ್ಕರಷ್ಟು ಇಳಿಯುತ್ತದೆ. ಕಡಲಿಗಿರುವ ಉಬ್ಬರವಿಳಿತ ಗಾಳಿಗೂ ಇದೆ. ಕಡಲಿನದು ಮುಖ್ಯವಾಗಿ ಚಂದ್ರನ ಸೆಳೆತ. ಗಾಳಿಯದು ಸೂರ್ಯನ ಬಿಸಿ. ಮೇಲಿನ ಓಝೋನ್ ಮತ್ತು ಕೆಳಗಿನ ನೀರಾವಿ ಬಿಸಿಲನ್ನು ಹೀರಿಕೊಂಡಾಗ ಇಡೀ ವಾತಾವರಣದಲ್ಲಿ ಹನ್ನೆರಡು ಗಂಟೆಯ ಅಲೆ ಏಳುತ್ತದೆ. ಯುರೋಪಿನಂಥ ಕಡೆ ಇದು ದೊಡ್ಡ ಏರಿಳಿತಗಳ ನಡುವೆ ಮುಳುಗಿಹೋಗುತ್ತದೆ. ನಮ್ಮಲ್ಲಿ ದಿನವೂ ಕಣ್ಣಿಗೆ ಕಾಣುತ್ತದೆ.

ಹಾಗಾಗಿ ಮುಖದ ಮೇಲೆ ಅಚ್ಚಾದ ಪದಗಳನ್ನು ಮರೆತುಬಿಡಿ. ಅವು ದೂರದ ಚಳಿ ದೇಶಗಳಿಗಾಗಿ ಬರೆದವು. ತಿರುಪು ಸರಿಮಾಡಿದ ಮೇಲೆ ಆರು ವರ್ಷಗಳಲ್ಲಿ ನನ್ನ ಮುಳ್ಳು 1003ಕ್ಕಿಂತ ಕೆಳಗೆ, 1015ಕ್ಕಿಂತ ಮೇಲೆ ಹೋದದ್ದಿಲ್ಲ. ‘ಶುಭ್ರ’ ಎಂಬ ಪದವನ್ನು ಅದು ಒಮ್ಮೆಯೂ ಮುಟ್ಟಿಲ್ಲ. ನೋಡಬೇಕಾದದ್ದು ನಿನ್ನೆಯ ಇದೇ ಹೊತ್ತಿಗೂ ಇಂದಿನ ಈ ಹೊತ್ತಿಗೂ ಇರುವ ವ್ಯತ್ಯಾಸವನ್ನು. ನಾನು ಹತ್ತು ಗಂಟೆಗೂ ನಾಲ್ಕು ಗಂಟೆಗೂ ಪುಸ್ತಕದಲ್ಲಿ ಬರೆಯುತ್ತೇನೆ.

2024ರಲ್ಲಿ ಆ ಪುಸ್ತಕವೇ ನಮ್ಮ ಅಡಿಕೆಯನ್ನು ಉಳಿಸಿತು. ಫೆಂಗಲ್ ಚಂಡಮಾರುತ ನವೆಂಬರ್ 30ರ ರಾತ್ರಿ ಪುದುಚ್ಚೇರಿಯ ಬಳಿ ನೆಲಕ್ಕೆ ಬಂದಾಗ, ಅದು ಬಂಗಾಳ ಕೊಲ್ಲಿಯ ವಿಷಯ, ಘಟ್ಟದ ಈಚೆಗೆ ಏನಿದೆ ಎಂದು ಊರಿನಲ್ಲಿ ಹೆಚ್ಚಿನವರು ಸುಮ್ಮನಿದ್ದರು. ಹಿಂದಿನ ವಾರ ಹತ್ತು ಗಂಟೆಗೆ 1012 ಇದ್ದ ಮುಳ್ಳು ಡಿಸೆಂಬರ್ 1ಕ್ಕೆ 1010, 2ಕ್ಕೆ 1008. ಅಂಗಳದ ಕಂಬಕ್ಕೆ ಕಟ್ಟಿದ ಬಟ್ಟೆ ಆ ದಿನಗಳ ಎಂದಿನ ಮೂಡುಗಾಳಿಗೆ ಆಡದೆ ಬಡಗಿನಿಂದ ತೆಂಕಿಗೆ ಬೀಸುತ್ತಿತ್ತು. ಬೈಸ್ ಬಾಲಟ್ ಎಂಬ ಡಚ್ ವಿಜ್ಞಾನಿ 1857ರಲ್ಲಿ ಹೇಳಿದ ನಿಯಮವೊಂದಿದೆ: ಭೂಮಧ್ಯರೇಖೆಯ ಉತ್ತರದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ಒತ್ತಡ ಎಡಗೈಯ ಕಡೆಗಿರುತ್ತದೆ. ಬಡಗುಗಾಳಿಗೆ ಬೆನ್ನು ಕೊಟ್ಟೆ. ಎಡಗೈ ಮೂಡಣಕ್ಕೆ, ಘಟ್ಟದತ್ತ ಚಾಚಿತು. ಅಂದೇ ಟಾರ್ಪಾಲು ತರಿಸಿ ಅಡಿಕೆಯನ್ನೆಲ್ಲ ಅಟ್ಟಕ್ಕೆ ಏರಿಸಿದೆವು. ಚಂಡಮಾರುತದ ಉಳಿಕೆ ಘಟ್ಟ ದಾಟಿ ನಮ್ಮ ಕರಾವಳಿಯತ್ತ ಬಂತು, ಸುರಿದ ಮಳೆಗೆ ಅಂಗಳವೇ ಕೆರೆಯಾಯಿತು. ಸಿಪ್ಪೆಸಹಿತ ಒಣಗಿಸುವ ಚಾಲಿ ಅಡಿಕೆಗೆ ನಲವತ್ತು ದಿನಗಳಿಗೂ ಮೇಲೆ ಬಿಸಿಲು ಬೇಕು. ನಡುವೆ ನೆನೆದು ಬೂಷ್ಟು ಹಿಡಿದರೆ ವರ್ಷದ ದುಡಿಮೆಯೇ ಹೋಗುತ್ತದೆ.

ಎಲ್ಲ ಮಳೆಯನ್ನೂ ಇದು ಹೇಳುವುದಿಲ್ಲ. ಏಪ್ರಿಲ್, ಮೇ ತಿಂಗಳ ಸಂಜೆಯ ಸಿಡಿಲುಮಳೆಗೆ ಮುಳ್ಳು ಮುನ್ಸೂಚನೆ ಕೊಡುವುದೇ ಇಲ್ಲ ಎನ್ನಬಹುದು. ಆ ದಿನಗಳಲ್ಲಿ ಬಟ್ಟೆಯೇ ಮೇಲು. ಬಿಸಿಲಿಗೆ ನೆಲ ಕಡಲಿಗಿಂತ ಬೇಗ ಕಾಯುತ್ತದೆ, ಕಾದ ಗಾಳಿ ಮೇಲೇಳುತ್ತದೆ, ಕಡಲ ಬದಿಯ ಕುಂಬಳೆಯ ಕಡೆಯಿಂದ ಪಡುಗಾಳಿ ಬರುತ್ತದೆ. ಅದು ನಿಂತು, ಸೆಕೆ ಕಟ್ಟಿ, ಘಟ್ಟದ ಕಡೆಯಿಂದ ಬೀಸಿದರೆ ಮಳೆ ಹತ್ತಿರ ಬಂದಿದೆ. ಆಗ ಮುಳ್ಳು ಇಳಿಯುವುದರ ಬದಲು ಒಂದು ಗೆರೆ ಏರುತ್ತದೆ! ಮೋಡದಿಂದ ಧುಮುಕುವ ತಂಪು ಗಾಳಿ ಭಾರವಾದದ್ದು. ಹತ್ತೇ ನಿಮಿಷದಲ್ಲಿ ಉಷ್ಣತೆ ಆರೇಳು ಡಿಗ್ರಿ ಇಳಿದದ್ದನ್ನೂ ಬರೆದಿಟ್ಟಿದ್ದೇನೆ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯ ನಡುವೆ ಅಡಿಕೆಗೆ ಕೊಳೆರೋಗದ ಮದ್ದನ್ನು ಎರಡನೆಯ ಸಲ ಬಿಡಲು ಬಿಡುವು ಹುಡುಕುವಾಗಲೂ ಇದರ ಸಹಾಯ ಅರ್ಧವಷ್ಟೇ. ಎರಡು ದಿನ ಮುಳ್ಳು ಮೆಲ್ಲಗೆ ಏರಿದರೆ ಮದ್ದಿಗೆ ಮೈಲುತುತ್ತು ನೆನೆಹಾಕಬಹುದು. ಉದ್ದ ಕೋಲಿನ ದೋಟಿಯಲ್ಲಿ ಮದ್ದು ಬಿಡುವ ಹುಡುಗ ಈಗ ಹೊರಡುವ ಮೊದಲು ಫೋನು ಮಾಡುತ್ತಾನೆ: “ಅಣ್ಣಾ, ಮುಳ್ಳು ಏರಿದೆಯಾ?” ಏರಿದ ಮೇಲೂ ಎರಡು ಬಾರಿ ಮಳೆ ಬಂದು ಮದ್ದು ತೊಳೆದುಹೋಗಿದೆ.

ಇದೇ ಹಲಗೆಯಲ್ಲಿರುವ ತೇವಾಂಶ ಮಾಪಕಕ್ಕೆ ಹಣ ಕೊಡಬೇಕಾಗಿರಲಿಲ್ಲ. ಒದ್ದೆ ಉಪ್ಪಿನ ಜೊತೆ ಮುಚ್ಚಿದ ಡಬ್ಬದಲ್ಲಿ ಒಂದು ದಿನ ಇಟ್ಟರೆ ಶೇಕಡಾ 75 ತೋರಿಸಬೇಕು. ಇದು 63 ತೋರಿಸಿತು. ಉಷ್ಣಮಾಪಕ ಚೆನ್ನಾಗಿದೆ. ಮೊದಲು ಪಡುವಣ ಗೋಡೆಯಲ್ಲಿದ್ದಾಗ ಸಂಜೆಯ ಬಿಸಿಲು ಕಾಯಿಸಿ ಎಲ್ಲವನ್ನೂ ತಪ್ಪಿಸುತ್ತಿತ್ತು, ಚಾವಡಿಯ ಬಡಗು ಗೋಡೆಗೆ ಬದಲಿಸಿದ ಮೇಲೆ ಸರಿಯಾಯಿತು. ಮಳೆಗಾಲದಲ್ಲಿ ವಾಯುಭಾರ ಮಾಪಕದ ಸನ್ನೆಕೋಲು ಅಂಟಿಕೊಳ್ಳುತ್ತದೆ, ಓದುವ ಮುನ್ನ ಗಾಜಿಗೆ ಬೆರಳಿನಿಂದ ಮೆಲ್ಲಗೆ ತಟ್ಟಬೇಕು. ನಾಲ್ಕನೆಯ ವರ್ಷ ಮರದ ಹಲಗೆ ಬಿರುಕು ಬಿಟ್ಟಿತು, ಯಂತ್ರಕ್ಕೆ ಏನೂ ಆಗಲಿಲ್ಲ.

ಕೊಳ್ಳುವ ಮೊದಲು ನಿಮ್ಮ ಊರಿನ ಎತ್ತರವನ್ನು ತಿಳಿದುಕೊಳ್ಳಿ. ಇದರ ಮೇಲಿನ ಮೆಚ್ಚುಗೆಯಿಂದ ಇಂಥದ್ದೇ ಒಂದನ್ನು ಮಡಿಕೇರಿಯ ಅಕ್ಕನಿಗೆ ಕಳುಹಿಸಿದ್ದೆ. ಅಲ್ಲಿನ ಎತ್ತರ ಸಾವಿರದ ನೂರು ಮೀಟರಿಗೂ ಮೇಲೆ, ಗಾಳಿಯ ಒತ್ತಡ 885ರ ಆಸುಪಾಸು. ಈ ಮಾಪಕದ ಅಂಕಿಗಳು 960ರಿಂದಲೇ ಶುರುವಾಗುತ್ತವೆ. ತಿರುಪನ್ನು ಕೊನೆಯವರೆಗೆ ತಿರುಗಿಸಿದರೂ ಮುಳ್ಳು ಅಂಕಿಯೊಳಗೆ ಬರಲಿಲ್ಲ. ಅಕ್ಕ ಅದನ್ನು ನನಗೇ ಮರಳಿ ಕಳುಹಿಸಿದಳು. ಈಗ ಅದು ಕುಂಬಳೆಯಲ್ಲಿ, ಕಡಲಿಗೆ ಹೋಗುವ ಗೆಳೆಯನೊಬ್ಬನ ಮನೆಯಲ್ಲಿದೆ.