ಹಳೇ ಆಕ್, ಹೊಸ ಆಕ್: ಎರಡಕ್ಕೂ ಒಂದೇ ಫೈಲ್ ಕೊಟ್ಟು ನೋಡಿದೆ

ಆಕ್ (awk) ಅಂದ್ರೆ ಫೈಲನ್ನು ಸಾಲು ಸಾಲಾಗಿ ಓದಿ ಕೆಲಸ ಮಾಡುವ ಪುಟ್ಟ ಪ್ರೋಗ್ರಾಮಿಂಗ್ ಭಾಷೆ. ಅದು ಒಂದೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬೆಲ್ ಲ್ಯಾಬ್ಸ್‌ನಲ್ಲಿ ಆಹೋ, ವೈನ್‌ಬರ್ಗರ್, ಕರ್ನಿಹಾನ್ ಸೇರಿ 1977ರಲ್ಲಿ ಮಾಡಿದ್ದು ಒಂದು, 1985ರಲ್ಲಿ ಅದನ್ನೇ ಬೆಳೆಸಿದ್ದು ಇನ್ನೊಂದು. ಹಳೇದು ಬೇಕು ಅಂದ್ರೆ 1979ರ ವರ್ಷನ್ 7 ಯೂನಿಕ್ಸನ್ನು (ಹಳೇ ಆಪರೇಟಿಂಗ್ ಸಿಸ್ಟಮ್) ಪಿಡಿಪಿ-11 ಅನ್ನೋ ಹಳೇ ಕಂಪ್ಯೂಟರನ್ನು ಅನುಕರಿಸುವ ಎಮ್ಯುಲೇಟರಿನಲ್ಲಿ ಓಡಿಸಬೇಕು. ಅಲ್ಲಿ ಟೈಪ್ ಮಾಡಿದ ಅಕ್ಷರ ಅಳಿಸೋಕೆ ಹ್ಯಾಶ್ ಒತ್ತಬೇಕು, ಅದೇ ಒಂದು ಹಿಂಸೆ.

ಕೆಲಸ ಚಿಕ್ಕದು. ತಿಂಗಳು, ಊರು, ಮಳೆ ಅಂತ ಕಾಮಾ ಹಾಕಿದ ಪಟ್ಟಿ, ಕೆಲವು ಸಾಲುಗಳಲ್ಲಿ ಕಾಮಾ ಆದಮೇಲೆ ಸ್ಪೇಸ್ ಬೇರೆ ಇದೆ. ಊರಿಗೊಂದು ಮೊತ್ತ ಬರಬೇಕು. ಊರಿನ ಹೆಸರನ್ನೇ ಇಂಡೆಕ್ಸ್ ಮಾಡಿಕೊಂಡು ಮೊತ್ತ ಇಟ್ಟುಕೊಳ್ಳುವ ಅರೇ (ಬೆಲೆಗಳ ಪಟ್ಟಿ) 1977ರದ್ದರಲ್ಲೇ ಇದೆ, ಹಾಗಾಗಿ ಮುಖ್ಯ ಸಾಲು ಎರಡರಲ್ಲೂ ಅಕ್ಷರಶಃ ಒಂದೇ.

ಎಡವಟ್ಟು ಆಗೋದು ಆ ಸ್ಪೇಸಿನಿಂದ. ಹಳೇದರಲ್ಲಿ ಫೀಲ್ಡ್ (ಸಾಲಿನ ಒಂದೊಂದು ಭಾಗ) ಬೇರೆ ಮಾಡೋಕೆ ಒಂದೇ ಒಂದು ಅಕ್ಷರ ಕೊಡಬಹುದು, ಕಾಮಾ ಕೊಟ್ಟರೆ ಸ್ಪೇಸ್ ಊರಿನ ಹೆಸರಿಗೇ ಅಂಟಿಕೊಂಡು ಮೈಸೂರು ಎರಡು ಸಾಲಿನಲ್ಲಿ ಎರಡು ಮೊತ್ತದ ಜೊತೆ ಬರುತ್ತದೆ. ಸ್ಪೇಸ್ ಕಿತ್ತು ಹಾಕೋಣ ಅಂದ್ರೆ ಎಲ್ಲ ಕಡೆ ಒಟ್ಟಿಗೆ ಬದಲಾಯಿಸುವ ಜಿಸಬ್ ಇಲ್ಲ, ಪದದ ತುಂಡು ತೆಗೆಯುವ ಸಬ್‌ಸ್ಟರ್ ಹಾಕಿ ಲೂಪ್ ಬರೆಯಬೇಕು. ಆ ಲೂಪನ್ನು ಫಂಕ್ಷನ್ ಮಾಡಿ ಇಟ್ಟುಕೊಳ್ಳೋಣ ಅಂದ್ರೆ ಅದೂ ಇಲ್ಲ! 'ಬೇಲಿಂಗ್ ಔಟ್ ನಿಯರ್ ಲೈನ್ 1' ಅಂದು ಕೈ ಎತ್ತಿಬಿಡುತ್ತದೆ. ಬೇಕಾದ ಕಡೆಯೆಲ್ಲ ಅದೇ ಲೂಪ್ ಮತ್ತೆ ಮತ್ತೆ ಅಂಟಿಸುತ್ತಾ ಹೋಗಿ.

ಹೊಸದರಲ್ಲಿ ಫೀಲ್ಡ್ ಬೇರೆ ಮಾಡುವ ವಿಭಾಜಕವೇ ರೆಗ್ಯುಲರ್ ಎಕ್ಸ್‌ಪ್ರೆಶನ್ (ಅಕ್ಷರಗಳ ಮಾದರಿ) ಆಗಬಹುದು. 'ಕಾಮಾ, ಆಮೇಲೆ ಎಷ್ಟಾದರೂ ಸ್ಪೇಸ್' ಅಂದರೆ ಮುಗೀತು. 1985ರ ಬದಲಾವಣೆ ಅಂದ ಕೂಡಲೇ ಎಲ್ಲರೂ ಫಂಕ್ಷನ್ ಬಂತು ಅಂತಾರೆ, ನನಗಂತೂ ದಿನದ ಕೆಲಸಕ್ಕೆ ಇದೂ ಜಿಸಬ್ಬೂ ಜಾಸ್ತಿ ಮುಖ್ಯ ಅನಿಸಿತು. ಇನ್ನೊಂದು ಸಣ್ಣ ಸುಖ: ಅರೇಯಲ್ಲಿ ಈ ಊರು ಇದೆಯಾ ಅಂತ 'ಇನ್' ಹಾಕಿ ಕೇಳಬಹುದು. ಹಳೇದರಲ್ಲಿ ಬೆಲೆಯನ್ನೇ ತೆಗೆದು ನೋಡಬೇಕು, ಹಾಗೆ ನೋಡಿದ್ದಕ್ಕೇ ಸುಮ್ನೆ ಒಂದು ಖಾಲಿ ಊರು ಹುಟ್ಟಿಕೊಳ್ಳುತ್ತದೆ, ಅಳಿಸೋಕೆ ಡಿಲೀಟೂ ಇಲ್ಲ.

ಬೇರೆ ಫೈಲಿನಿಂದ ಸಾಲು ಓದುವ ಗೆಟ್‌ಲೈನ್ ಹೊಸದರಲ್ಲಿದೆ, ನನಗೆ ಇಷ್ಟವಿಲ್ಲ, ಫೈಲ್ ಸಿಗದಿದ್ದಾಗ ಮೈನಸ್ ಒಂದು ಕೊಡುತ್ತದೆ ಅನ್ನೋದು ಮರೆತರೆ ಲೂಪ್ ನಿಲ್ಲೋದೇ ಇಲ್ಲ.

ಕನ್ನಡದ ಫೈಲ್ ಇದ್ದರೆ ಮಾತ್ರ 1985ರದ್ದೂ ಸಾಲದು. 'ಕನ್ನಡ' ಪದದ ಉದ್ದ ಕೇಳಿದರೆ ಬೈಟ್ ಎಣಿಸಿ 15 ಅನ್ನುತ್ತದೆ. ಕರ್ನಿಹಾನ್ ಅವರ ಆಕ್‌ಗೆ ಯುಟಿಎಫ್-8 (ಕನ್ನಡದಂಥ ಲಿಪಿಗಳನ್ನು ಬೈಟ್‌ಗಳಲ್ಲಿ ಬರೆಯುವ ಪದ್ಧತಿ) ಬಂದಿದ್ದು 2023ರ ಎರಡನೇ ಆವೃತ್ತಿಯಲ್ಲಿ, ಕಾಮಾ ಪಟ್ಟಿ ಓದೋಕೆ ಸಿಎಸ್‌ವಿ ಆಯ್ಕೆಯೂ ಅದರ ಜೊತೆಗೇ ಬಂತು. ಆಕ್‌ನದ್ದೇ ಇನ್ನೊಂದು ರೂಪವಾದ ಗ್ನೂ ಗಾಕ್, ಉದ್ದ 5 ಅನ್ನುತ್ತದೆ, ಒತ್ತಿನ ಹಲಂತವನ್ನೂ ಬೇರೆ ಎಣಿಸೋದರಿಂದ. ನನ್ನ ಉಬುಂಟುವಿನಲ್ಲಿರುವ ಮಾಕ್ ಅನ್ನೋ ಮತ್ತೊಂದು ಆಕ್ ವೇಗದಲ್ಲಿ ಎಲ್ಲರಿಗಿಂತ ಮುಂದೆ, ಆದರೆ ಅದರ ಲೆಕ್ಕವೂ 15. ಮಳೆ ಅಂಕಿ ಕೂಡೋಕೆ ಮಾಕ್ ಸಾಕು, ಕನ್ನಡ ಅಕ್ಷರ ಕತ್ತರಿಸೋ ಕೆಲಸ ಇದ್ದರೆ ಗಾಕ್ ಹಾಕಿಕೊಳ್ಳಿ.